ದೆಲ್ಫಿನಾಳ ಕಣ್ಣು

ಇಲೊಯಿಲೊ ಪಟ್ಟಣದ ಹೊರಗಿನ ಆ ಗಣಿಯಲ್ಲಿ ಸುಣ್ಣದಕಲ್ಲು ಮುಗಿದು ಇಪ್ಪತ್ತೈದು ವರ್ಷ ಆಗಿತ್ತು. ಕಲ್ಲು ತೆಗೆದುಕೊಂಡವರು ಹೊಂಡ ಬಿಟ್ಟುಹೋದರು. ಹೊಂಡ ಯಾರಿಗೂ ಬೇಡವಾಗಿತ್ತು, ಬಂದೂಕಿನವರಿಗೆ ಬೇಕಾಯಿತು. ಮೂರು ಕಡೆ ತೆಂಗಿನಮರದೆತ್ತರದ ಗೋಡೆ, ಗೋಡೆಯ ಬುಡಕ್ಕೆ ಮರಳಿನ ದಿಬ್ಬ. ಯಾರ ಗುಂಡು ಎಷ್ಟೇ ಸೊಟ್ಟಗೆ ಹೋದರೂ ಮರಳಿಗೇ ಹೋಗಬೇಕು. ತಿಂಗಳ ಎರಡನೆಯ ಭಾನುವಾರ ಅಲ್ಲಿ ಕ್ಲಬ್ಬಿನ ಪಂದ್ಯ. ಹಲ್ಲಿನ ಡಾಕ್ಟರು, ಅಕ್ಕಿ ವ್ಯಾಪಾರಿಗಳು, ಹಡಗಿನ ಕೆಲಸದಿಂದ ನಿವೃತ್ತರಾದವರು, ಒಬ್ಬ ನ್ಯಾಯಾಧೀಶರು, ಎಲ್ಲರೂ ಚರ್ಚಿನ ಭಾನುವಾರದ ಪೂಜೆಯನ್ನು ಶನಿವಾರ ಸಂಜೆಯೇ ಮುಗಿಸಿ ದೇವರ ಜೊತೆ ಲೆಕ್ಕ ಸರಿಮಾಡಿಕೊಂಡು ಬರುತ್ತಿದ್ದರು.

ಇದು ಕೈಬಂದೂಕು ಹಿಡಿದು ಓಡುತ್ತಾ ಹೊಡೆಯುವ ಪಂದ್ಯ. ಬಾಗಿಲ ಚೌಕಟ್ಟಿನಲ್ಲಿ ನುಸುಳಿ, ಡ್ರಮ್ಮುಗಳ ಮರೆಯಿಂದ ಇಣುಕಿ, ರಟ್ಟಿನ ಗುರಿಹಲಗೆಗೆ ತಲಾ ಎರಡೆರಡು ಗುಂಡು, ಕಬ್ಬಿಣದ ತಟ್ಟೆಗೆ ಒಂದು. ಎಷ್ಟು ಬೇಗ, ಎಷ್ಟು ಸರಿಯಾಗಿ, ಎರಡೂ ಲೆಕ್ಕಕ್ಕೆ. ನಿಂತಲ್ಲೇ ಉಸಿರು ಬಿಗಿಹಿಡಿದು ಒಂದೇ ಚುಕ್ಕೆಗೆ ಹೊಡೆಯುವ ಮಂದಿಯನ್ನು ಈ ಕ್ಲಬ್ಬಿನವರು ಕೊಕ್ಕರೆಗಳು ಎನ್ನುತ್ತಿದ್ದರು. ಆ ಮಂದಿ ಇವರನ್ನು ಏನೆನ್ನುತ್ತಿದ್ದರೋ, ಇವರು ವಿಚಾರಿಸಿರಲಿಲ್ಲ.

ಹೊಡೆಯುವವರ ಬೆನ್ನಿಗೆ ತೋಳಳತೆಯಲ್ಲಿ, ಕೈಯಲ್ಲಿ ಟೈಮರ್ ಹಿಡಿದು, ಅವರು ಓಡಿದ ಕಡೆಗೆಲ್ಲ ಓಡುವವಳು ದೆಲ್ಫಿನಾ ಸೊರೊಂಗೊನ್. ಐವತ್ತೊಂಬತ್ತು ವರ್ಷ, ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತಳಾದವಳು. ಹತ್ತೊಂಬತ್ತು ವರ್ಷದಿಂದ ಕ್ಲಬ್ಬಿನ ರೇಂಜ್ ಆಫೀಸರ್, ಅಂದರೆ ಓಟ ನಡೆಸಿ ಸುರಕ್ಷತೆ ನೋಡಿಕೊಳ್ಳುವವಳು. ಹಿರಿಯಕ್ಕನಿಗೆ ಹೇಳುವ ಹಾಗೆ ಎಲ್ಲರೂ ಅವಳಿಗೆ ಮನಾಂಗ್ ಎನ್ನುತ್ತಿದ್ದರು, ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ನ್ಯಾಯಾಧೀಶರು ಕೂಡ. ಅವಳಿಗೆ ಗುರಿ ಅಷ್ಟಕ್ಕಷ್ಟೆ. ಆದರೆ ಕಣ್ಣಿತ್ತು. ರಟ್ಟಿನ ಮೇಲೆ ಗುಂಡಿನ ತೂತು ಒಳಗೆರೆಯನ್ನು ಮುಟ್ಟಿದೆಯೋ ಇಲ್ಲವೋ ಎಂದು ಜಗಳ ಹತ್ತಿದರೆ, "ಮನಾಂಗ್ ಕಣ್ಣು ಕರೀರಿ" ಎನ್ನುತ್ತಿದ್ದರು. ಅವಳು ಬಗ್ಗಿ ನೋಡಿ, ಒಮ್ಮೆ ತಲೆಯಾಡಿಸಿ, ಮುಟ್ಟಿದೆ ಅಥವಾ ಮುಟ್ಟಿಲ್ಲ ಎಂದರೆ ಅಲ್ಲಿಗೆ ಮಾತು ಮುಗಿಯಿತು. ನ್ಯಾಯಾಧೀಶರ ತೀರ್ಪಿಗೆ ಮೇಲ್ಮನವಿ ಹೋಗಬಹುದಿತ್ತು, ಅವಳದಕ್ಕೆ ಇರಲಿಲ್ಲ.

ಆ ಕಣ್ಣಿಗೆ ಈಗ ಪೊರೆ ಬಂದಿತ್ತು. ಮಾರ್ಚಿನಲ್ಲಿ ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿ, "ಎಡಗಣ್ಣಿಗೂ ಅರ್ಧ ಬಂದಿದೆ, ಬಲಗಣ್ಣಿಂದು ಹಣ್ಣಾಗಿದೆ. ಇಷ್ಟು ದಿನ ಏನು ಮಾಡ್ತಿದ್ರಿ?" ಎಂದು ಕೇಳಿದ್ದರು. ಆಪರೇಷನ್ನಿಗೆ ಜೂನ್ ಹದಿನೇಳು ನಿಗದಿಯಾಗಿತ್ತು. ನಡುವೆ ಮೂರು ಪಂದ್ಯ.

ಹೇಳಿಬಿಡಬಹುದಿತ್ತು. ಆದರೆ ಕ್ಲಬ್ಬಿನ ಅಧ್ಯಕ್ಷ ದಿಯೊಸ್ದಾದೊನಿಗೆ ಒಬ್ಬ ಅಳಿಯ ಬಂದಿದ್ದ, ಎಲ್ಮರ್. ಮೂವತ್ತೆರಡು ವರ್ಷ. ರೇಂಜ್ ಆಫೀಸರ್ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೆಂಟು ತೆಗೆದಿದ್ದ, ಆ ಸರ್ಟಿಫಿಕೇಟನ್ನು ಲ್ಯಾಮಿನೇಟ್ ಮಾಡಿಸಿ ಬಂದೂಕಿನ ಚೀಲದಲ್ಲೇ ಇಟ್ಟುಕೊಂಡಿದ್ದ. ಅವನು ಟೈಮರಿನ ಕಡೆ ನೋಡುವ ನೋಟವನ್ನು ದೆಲ್ಫಿನಾ ಮಂಜುಗಣ್ಣಿನಲ್ಲೂ ಕಂಡಿದ್ದಳು. ಒಮ್ಮೆ ಕೈಬಿಟ್ಟರೆ ಅದು ತಿರುಗಿ ಬರುವುದಿಲ್ಲ. ಹಡಗಿನ ಕೆಲಸದಲ್ಲಿದ್ದ ಗಂಡ ಅಲ್ಲೇ ತೀರಿಹೋದ ಮೇಲೆ, ಶಾಲೆಯೂ ಮುಗಿದ ಮೇಲೆ, ಅವಳನ್ನು ಯಾರಾದರೂ ಕಾಯುವ ಜಾಗ ಎಂದರೆ ಈ ಹೊಂಡ ಒಂದೇ.

ಹಾಗಾಗಿ ಕಿವಿಯಿಂದ ಕಣ್ಣಿನ ಕೆಲಸ ಮಾಡಿಸತೊಡಗಿದಳು. ಯಾರ ಮ್ಯಾಗಜೀನಿನಲ್ಲಿ, ಅಂದರೆ ಗುಂಡಿನ ಡಬ್ಬಿಯಲ್ಲಿ, ಎಷ್ಟು ಗುಂಡು ಹಿಡಿಯುತ್ತದೆಂದು ಗೊತ್ತಿತ್ತು, ಎಷ್ಟು ಹಾರಿತೆಂದು ಎಣಿಸುತ್ತಿದ್ದಳು. ಓಟ ಮುಗಿದ ಮೇಲೆ ಬಂದೂಕು ಖಾಲಿ ಮಾಡುವುದಕ್ಕೆ ಒಂದು ಕ್ರಮವಿದೆ. ಮೊದಲು ಮ್ಯಾಗಜೀನ್ ಹೊರಗೆ, ಆಮೇಲೆ ಬಂದೂಕಿನ ಮೇಲ್ಭಾಗದ ಸ್ಲೈಡ್ ಹಿಂದಕ್ಕೆ. ಒಳಗಿದ್ದ ಕೊನೆಯ ಗುಂಡು ಹಾರಿ ನೆಲಕ್ಕೆ ಬೀಳುತ್ತದೆ. ಸರ್, ಕಟಕ್, ಟಿಂಗ್. ಮೂರೂ ಸದ್ದು ಕ್ರಮವಾಗಿ ಕೇಳಿದರೆ ಒಳಗೆ ಏನೂ ಇಲ್ಲ. ಆದರೂ ಬಗ್ಗಿ ನೋಡುತ್ತಿದ್ದಳು, ನೋಡುವುದು ಪದ್ಧತಿ, ಖಾಲಿ ಎಂದು ಖಚಿತಪಡಿಸಲು ಕೊನೆಗೆ ದಿಬ್ಬದ ಕಡೆ ಟ್ರಿಗರ್ ಎಳೆಯುವುದೂ. ಏಪ್ರಿಲ್ ಹೀಗೆ ದಾಟಿತು, ಮೇ ದಾಟಿತು. ಎರಡು ತಿಂಗಳಲ್ಲಿ ಅವಳಿಗೆ ತನ್ನ ಜಾಣತನದ ಮೇಲೆ ಸ್ವಲ್ಪ ಪ್ರೀತಿಯೇ ಹುಟ್ಟಿತ್ತು, ನಾಚಿಕೆಯಾಗಬೇಕಾದ ಜಾಗದಲ್ಲಿ.

ಜೂನಿನ ಪಂದ್ಯಕ್ಕೆ ಪರ್ಲಿತಾ ಗುಂಬಾನ್ ಬಂದಳು. ಪೇಟೆಬೀದಿಯ ಔಷಧಿ ಅಂಗಡಿಯವಳು, ನಲವತ್ತಾರು ವರ್ಷ. ಅಂಗಡಿಗೆ ಎರಡು ಸಲ ಕಳ್ಳರು ನುಗ್ಗಿದ ಮೇಲೆ ಪರವಾನಗಿ ಮಾಡಿಸಿ ಬಂದೂಕು ತಂದಿದ್ದಳು. ಕಳ್ಳರು ಮೂರನೇ ಸಲ ಬರಲಿಲ್ಲ, ಬಂದೂಕಿನ ಹುಚ್ಚು ಬಂತು. ಮಧ್ಯಾಹ್ನ ಅಂಗಡಿಯ ಷಟರ್ ಎಳೆದು ಕೆಮ್ಮಿನ ಔಷಧಿಯ ಸಾಲಿಗೆ ಖಾಲಿ ಬಂದೂಕು ಗುರಿಯಿಟ್ಟು ಆರು ತಿಂಗಳು ಅಭ್ಯಾಸ ಮಾಡಿದ್ದಳು. ಕ್ಲಬ್ಬಿನ ಎರಡು ದಿನದ ಸುರಕ್ಷತೆಯ ಪಾಠವನ್ನು ಅವಳಿಗೆ ಹೇಳಿಕೊಟ್ಟವಳು ದೆಲ್ಫಿನಾಳೇ. ಇದು ಅವಳ ಮೊದಲ ಪಂದ್ಯ.

"ಮನಾಂಗ್, ಕೈ ನಡುಗ್ತಿದೆ," ಎಂದಳು ಪರ್ಲಿತಾ.

"ನಡುಗ್ಲಿ ಬಿಡು. ಬೆರಳು ಟ್ರಿಗರ್‌ನಿಂದ ಆಚೆ ಇದ್ರೆ ಸಾಕು."

"ನನ್ನ ಗಂಡ ಹಡಗಿಂದ ಫೋನ್ ಮಾಡಿ ನಗ್ತಾನೆ. ಏಪ್ರನ್ ಫೋಟೋ ಕಳಿಸು ಅಂತಾನೆ."

"ಅವನಿಗೆ ಯಾರು ಹೇಳಿದ್ರು ಏಪ್ರನ್ ವಿಷಯ?"

"ನಾನೇ," ಎಂದು ಪರ್ಲಿತಾ ತಲೆ ತಗ್ಗಿಸಿದಳು.

ಏಪ್ರನ್ನು ಆ ಕ್ಲಬ್ಬಿನ ಕಟ್ಟಳೆ. ಸುರಕ್ಷತೆಯ ನಿಯಮ ಮುರಿದವರು ಅವತ್ತಿನ ಪಂದ್ಯದಿಂದ ಹೊರಗೆ. ಬೇರೆ ಕಡೆ ಅಂಥವರನ್ನು ಮನೆಗೆ ಕಳಿಸುತ್ತಾರೆ. ಇಲ್ಲಿ ಕಳಿಸುವುದಿಲ್ಲ. ಕೋಳಿಯ ಚಿತ್ರವಿರುವ ಗುಲಾಬಿ ಏಪ್ರನ್ ಕಟ್ಟಿಸಿ, ಅಡುಗೆ ಷೆಡ್ಡಿನಲ್ಲಿ ನಿಲ್ಲಿಸಿ, ಎಲ್ಲರಿಗೂ ಊಟ ಬಡಿಸಬೇಕು. ಒಂದು ಫೋಟೋ ತೆಗೆದು ಷೆಡ್ಡಿನ ಗೋಡೆಗೆ ಹೊಡೆಯುತ್ತಾರೆ. ಗೋಡೆಯಲ್ಲಿ ನಲವತ್ತಮೂರು ಫೋಟೋ ಇದ್ದವು. ನ್ಯಾಯಾಧೀಶರು ಇದ್ದರು. ಎಲ್ಲರೂ ಚೀಫ್ ಎನ್ನುವ ಅಧ್ಯಕ್ಷ ಎರಡು ಸಲ ಇದ್ದ. ದೆಲ್ಫಿನಾ ಇರಲಿಲ್ಲ.

ನಾಲ್ಕನೆಯ ಹಂತದಲ್ಲಿ ಪರ್ಲಿತಾಳ ಸರದಿ ಬಂದಾಗ ಹತ್ತೂವರೆಯ ಬಿಸಿಲು ಸುಣ್ಣದಗೋಡೆಗೆ ಬಡಿದು ಕಣ್ಣಿಗೆ ಹೊಡೆಯುತ್ತಿತ್ತು. ಪೊರೆ ಬಂದ ಕಣ್ಣಿಗೆ ಬೆಳಕೇ ಶತ್ರು. ದೆಲ್ಫಿನಾ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಳು. ಎಂಟು ರಟ್ಟು, ಮೂರು ತಟ್ಟೆ, ಹತ್ತೊಂಬತ್ತು ಗುಂಡು.

"ಸಿದ್ಧವಾ?" ಎಂದಳು. ಪರ್ಲಿತಾ ಹೂಂಗುಟ್ಟಿದಳು. ಟೈಮರ್ ಕೂಗಿತು.

ಮೊದಲ ಮೂರು ಹಂತದಲ್ಲಿ ಸಂತೆಯಲ್ಲಿ ಮಗು ಕಳೆದುಕೊಂಡವಳಂತೆ ಓಡಾಡಿದ್ದ ಪರ್ಲಿತಾ ಈ ಸಲ ಯಾರೋ ಬೇರೆಯವಳಂತೆ ಓಡಿದಳು. ಚೌಕಟ್ಟು ದಾಟಿದಳು, ಓಡುತ್ತಲೇ ಮ್ಯಾಗಜೀನ್ ಬದಲಾಯಿಸಿದಳು, ಡ್ರಮ್ಮಿನ ಮರೆಯಿಂದ ಎರಡು ತಟ್ಟೆ ಬೀಳಿಸಿದಳು. ಹಿಂದೆ ನಿಂತವರಿಗೆ ರಂಗೇರಿತು. ಮೂರನೆಯ ತಟ್ಟೆ ಇಪ್ಪತ್ತು ಗಜ ದೂರದಲ್ಲಿತ್ತು, ಊರಿನ ಅರ್ಧ ಗಂಡಸರು ಬೆಳಗಿಂದ ಅದಕ್ಕೆ ಮೂರು ಮೂರು ಗುಂಡು ಖರ್ಚು ಮಾಡಿದ್ದರು. ಪರ್ಲಿತಾ ಒಂದೇ ಗುಂಡಿಗೆ ಕೆಡವಿದಳು.

"ಅಯ್ಯೋ ನಮ್ಮಪ್ಪಾ!" ಎಂದು ಕಿರುಚಿದ ತೊತೊಂಗ್, ಮೂರುಗಾಲಿ ಬಂಡಿಗಳನ್ನು ಬಾಡಿಗೆಗೆ ಬಿಡುವವನು, ಕ್ಲಬ್ಬಿನ ಬಾಯಿ. "ಔಷಧಿ ಅಂಗಡಿಯಲ್ಲಿ ಏನು ಕುಡಿದು ಬಂದೆ ತಾಯಿ, ನಮಗೂ ಒಂದು ಬಾಟ್ಲಿ ಕೊಡು!" ಹದಿನೈದು ಜನ ಒಟ್ಟಿಗೆ ಬೊಬ್ಬೆ ಹಾಕಿದರು, ಯಾರೋ ಸಿಳ್ಳೆ ಹೊಡೆದರು.

"ಮುಗಿದಿದ್ರೆ ಖಾಲಿ ಮಾಡಿ, ತೋರಿಸಿ," ಎಂದಳು ದೆಲ್ಫಿನಾ.

ಆ ಗದ್ದಲದಲ್ಲಿ ಅವಳಿಗೆ ಸರ್ ಕೇಳಲಿಲ್ಲ, ಕಟಕ್ ಕೇಳಲಿಲ್ಲ, ಟಿಂಗ್ ಕೇಳಲಿಲ್ಲ. ಪರ್ಲಿತಾ ಸ್ಲೈಡನ್ನು ಅರ್ಧ ಎಳೆದು ಹಿಡಿದು ಬಂದೂಕನ್ನು ಓರೆ ಮಾಡಿ ತೋರಿಸಿದಳು. ದೆಲ್ಫಿನಾ ಬಗ್ಗಿದಳು. ಒಳಗೆ ಹಾಲು ಕದಡಿದ ಹಾಗೆ ಬಿಳಿಯ ಮಬ್ಬು. ಇನ್ನೊಮ್ಮೆ ತೋರಿಸು ಎನ್ನಬಹುದಿತ್ತು. ಎಲ್ಮರ್, ನೀನು ಬಾ ಇಲ್ಲಿ ಎನ್ನಬಹುದಿತ್ತು. ಅವನು ಅಂಕ ಬರೆಯುತ್ತ ಆರು ಹೆಜ್ಜೆ ಹಿಂದೆಯೇ ಇದ್ದ. ಬೆರಳಿನಿಂದ ಮುಟ್ಟಿಯಾದರೂ ನೋಡಬಹುದಿತ್ತು. ಅವಳು ಹತ್ತೊಂಬತ್ತು ವರ್ಷದ ಅಭ್ಯಾಸದಂತೆ ಒಮ್ಮೆ ತಲೆಯಾಡಿಸಿದಳು.

"ಖಾಲಿ ಇದ್ರೆ ಟ್ರಿಗರ್ ಎಳೆದು, ಒರೆಗೆ ಹಾಕಿ."

ಪರ್ಲಿತಾ ಒಂದು ಗಳಿಗೆ ತಡೆದಳು. ಬಂದೂಕಿನ ಒಳಗೆ ನೋಡಿದಳು, ದೆಲ್ಫಿನಾಳ ಮುಖ ನೋಡಿದಳು. ಆಮೇಲೆ ಸ್ಲೈಡ್ ಬಿಟ್ಟು, ದಿಬ್ಬದ ಕಡೆ ಬಂದೂಕು ನೀಡಿ ಟ್ರಿಗರ್ ಎಳೆದಳು.

ಢಂ ಎಂದಿತು. ದಿಬ್ಬದಲ್ಲಿ ಒಂದು ಹಿಡಿ ಮರಳು ಎದ್ದು ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಬಂದೂಕಿನ ಮೂತಿ ಇರಬೇಕಾದ ಕಡೆಗೇ ಇತ್ತು, ಅದನ್ನು ದೆಲ್ಫಿನಾಳೇ ಕಲಿಸಿದ್ದಳು. ಸಿಳ್ಳೆ ಹೊಡೆದವನ ಬೆರಳು ಬಾಯಲ್ಲೇ ಉಳಿಯಿತು.

ಆದದ್ದು ಏನೆಂದು ಹೊಂಡದಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಸಂತೋಷದಲ್ಲಿ ಕೈ ಮುಂದಾಗಿ ಪರ್ಲಿತಾ ಮೊದಲು ಸ್ಲೈಡ್ ಎಳೆದಿದ್ದಳು, ಆಮೇಲೆ ಮ್ಯಾಗಜೀನ್ ತೆಗೆದಿದ್ದಳು. ಒಂದು ಗುಂಡು ಹೊರಗೆ ಹೋದ ಕೂಡಲೇ ಮ್ಯಾಗಜೀನಿನಿಂದ ಇನ್ನೊಂದು ಒಳಗೆ ಬಂದು ಕೂತಿತ್ತು, ತೋರಿಸುವಾಗ ಸ್ಲೈಡನ್ನು ಅರ್ಧವೇ ಎಳೆದಿದ್ದರಿಂದ ಅದು ಹೊರಗೆ ಬೀಳಲಿಲ್ಲ. ಹೊಸಬರೆಲ್ಲ ಮನೆಯಲ್ಲಿ ಮಾಡುವ ತಪ್ಪು, ಅವಳು ಎಲ್ಲರೆದುರು ಮಾಡಿದ್ದಳು. ನಿಯಮದ ಪುಸ್ತಕದಲ್ಲಿ ಅನುಮಾನಕ್ಕೆ ಎಡೆಯಿಲ್ಲ. 'ಖಾಲಿ ಇದ್ದರೆ' ಎನ್ನುವುದರ ಜವಾಬ್ದಾರಿ ಹೊಡೆಯುವವರದು. ರೇಂಜ್ ಆಫೀಸರ್ ನೋಡಬೇಕು ಎಂದು ಬರೆದಿದೆ, ನೋಡದಿದ್ದರೆ ಏನು ಎಂದು ಬರೆದಿಲ್ಲ.

"ನಿಲ್ಲಿ," ಎಂದಳು ದೆಲ್ಫಿನಾ. ತನ್ನ ದನಿ ಎಂದಿನಂತೆಯೇ ಇದ್ದುದು ಅವಳಿಗೇ ಅಸಹ್ಯವಾಯಿತು. "ಪಂದ್ಯದಿಂದ ಹೊರಗೆ."

"ತಪ್ಪು ನಂದೇ ಮನಾಂಗ್," ಎಂದಳು ಪರ್ಲಿತಾ. ತುಟಿ ಬಿಳಿಚಿಕೊಂಡಿತ್ತು. "ಕ್ಷಮಿಸಿ."

ತೊತೊಂಗ್ ಏಪ್ರನ್ ತಂದು ಕಟ್ಟಿದ. "ಅಳಬೇಡ ಕಣವ್ವಾ. ಚೀಫ್ ಎರಡು ಸಲ ಕಟ್ಟಿದಾನೆ, ಅವನ ಹೊಟ್ಟೆಗೆ ದಾರ ಸಾಲದೆ ಹಗ್ಗ ಸೇರಿಸಿದ್ವಿ." ಪರ್ಲಿತಾ ನಕ್ಕಳು, ಫೋಟೋಗೂ ನಕ್ಕಳು. ಫೋಟೋ ತೆಗೆದವರು ಸರಿದ ಮೇಲೆ ಅಡುಗೆ ಷೆಡ್ಡಿನೊಳಗೆ ಹೋದಳು.

ಐದನೆಯ ಹಂತಕ್ಕೆ ತಟ್ಟೆ ನಿಲ್ಲಿಸುವ, ರಟ್ಟಿನ ತೂತುಗಳಿಗೆ ಕಂದು ಕಾಗದದ ಚೂರು ಅಂಟಿಸುವ ಕೆಲಸ ನಡೆದಿತ್ತು. ದೆಲ್ಫಿನಾ ನೀರು ಕುಡಿಯುವ ನೆಪದಲ್ಲಿ ಷೆಡ್ಡಿಗೆ ಬಂದಳು. ಕಪ್ಪು ತೊಗರಿಕಾಳು, ಹಂದಿಮಾಂಸ, ಹಲಸಿನಕಾಯಿ ಹಾಕಿದ ಸಾರು ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿತ್ತು. ಪರ್ಲಿತಾ ಬೆನ್ನು ಹಾಕಿ ನಿಂತಿದ್ದಳು. ಬೆನ್ನು ನೋಡಿದರೇ ಅಳುತ್ತಿರುವುದು ತಿಳಿಯುತ್ತಿತ್ತು, ಅದಕ್ಕೆ ಒಳ್ಳೆಯ ಕಣ್ಣು ಬೇಕಿರಲಿಲ್ಲ.

"ಮೊದಲ ಪಂದ್ಯ ಅಲ್ವಾ. ಎಲ್ರಿಗೂ ಆಗುತ್ತೆ," ಎಂದಳು ದೆಲ್ಫಿನಾ.

"ಬಂದೂಕು ಮಾರಿಬಿಡ್ತೀನಿ ಮನಾಂಗ್. ನನಗೆ ಇದು ಆಗಿಬರಲ್ಲ."

"ಒಂದು ಸಲ ಕೈ ತಪ್ಪಿದ್ದಕ್ಕೆ?"

"ಕೈ ತಪ್ಪಿದ್ದಕ್ಕಲ್ಲ." ಪರ್ಲಿತಾ ತಿರುಗಿ ಏಪ್ರನ್ನಿನ ಕೋಳಿಯಿಂದ ಮೂಗು ಒರೆಸಿಕೊಂಡಳು. "ಯಾರಿಗೂ ಹೇಳ್ಬೇಡಿ, ನಗ್ತಾರೆ. ನನಗೆ ಕಂಡಿತ್ತು ಮನಾಂಗ್. ಒಳಗೆ ಹಳದಿ ಏನೋ ಕಂಡಿತ್ತು. ಗುಂಡಿದೆ ಅಂತ ಅನ್ನಿಸ್ತು. ಅಷ್ಟರಲ್ಲಿ ನೀವು ನೋಡಿ ತಲೆ ಆಡಿಸಿದ್ರಿ. ಮನಾಂಗ್ ಕಣ್ಣಿಗೆ ಇಲ್ಲ ಅಂದ್ರೆ ಇಲ್ಲ, ನನಗೇ ಭ್ರಮೆ ಅಂದ್ಕೊಂಡೆ. ಕಣ್ಣೆದುರಿಗಿನ ಗುಂಡನ್ನ ಭ್ರಮೆ ಅಂದ್ಕೊಳ್ಳೋಳು ಬಂದೂಕು ಇಟ್ಕೋಬಾರದು. ನಾಳೆ ಅಂಗಡಿಯಲ್ಲಿ ಯಾರಿಗೋ ತಪ್ಪು ಮಾತ್ರೆ ಕೊಟ್ಟೇನು ಅಂತ ಭಯ ಆಗ್ತಿದೆ."

ದೆಲ್ಫಿನಾ ನೀರಿನ ಲೋಟ ಕೆಳಗಿಟ್ಟಳು. ಹೊರಗೆ ಎಲ್ಲರೂ ತನ್ನನ್ನು ಗದರಿದ್ದರೆ, ಇಲ್ಲಿ ಪರ್ಲಿತಾ ತನ್ನನ್ನು ದೂರಿದ್ದರೆ, ನಿಯಮದ ಪುಸ್ತಕ ತೆಗೆದು ಉತ್ತರ ಕೊಡಬಹುದಿತ್ತು. ಹಾಗೆ ಕೊಡಲು ಮನಸ್ಸಿನಲ್ಲೇ ಸಾಲು ಜೋಡಿಸಿಕೊಂಡೂ ಬಂದಿದ್ದಳು. ತನ್ನ ಕಣ್ಣಿನ ಹೆಸರು ಉಳಿಸಿಕೊಳ್ಳಲು ಹೋಗಿ ಇನ್ನೊಬ್ಬಳ ಕಣ್ಣಿನ ನಂಬಿಕೆ ತೆಗೆದೆನಲ್ಲ ಎಂಬುದಕ್ಕೆ ಯಾವ ಪುಟದಲ್ಲೂ ಉತ್ತರ ಇರಲಿಲ್ಲ. ನಾಚಿಕೆ ಅವಳ ಕಿವಿಯವರೆಗೆ ಏರಿತು.

ಅವಳು ನೇರ ಹೊರಗೆ ಹೋದಳು.

ಚೀಫ್ ದಿಯೊಸ್ದಾದೊ, ಮೂವತ್ತು ವರ್ಷ ಹಡಗಿನ ಎಂಜಿನ್ ನೋಡಿಕೊಂಡವನು, ಛತ್ರಿಯ ಕೆಳಗೆ ಕೂತು ಬೀಸಣಿಗೆ ಆಡಿಸುತ್ತಿದ್ದ. ಅವಳು ಎದುರಿಗೆ ನಿಂತು ಎಲ್ಲವನ್ನೂ ಹೇಳಿದಳು. ಮಾರ್ಚಿನ ಡಾಕ್ಟರು, ಕಿವಿಯ ಲೆಕ್ಕ, ಬಿಳಿಯ ಮಬ್ಬು.

ಚೀಫ್ ಬೀಸಣಿಗೆ ನಿಲ್ಲಿಸಿದ. ಸುತ್ತ ನೋಡಿ ದನಿ ತಗ್ಗಿಸಿದ. "ಮನಾಂಗ್, ನಿಧಾನ. ಯಾರಿಗೂ ಏನೂ ಆಗಿಲ್ಲ. ನಿಯಮದ ಪ್ರಕಾರ ಅವಳೇ ಹೊರಗೆ, ಅದು ಸರಿಯಾಗೇ ಇದೆ. ಹದಿನೇಳಕ್ಕೆ ಆಪರೇಷನ್ನು ಮಾಡಿಸ್ಕೊಳ್ಳಿ, ಜುಲೈಗೆ ಬನ್ನಿ. ಈ ಮಾತು ನನಗೂ ನಿಮಗೂ ಮಧ್ಯ ಇರ್ಲಿ."

"ಇರಲ್ಲ," ಎಂದಳು ದೆಲ್ಫಿನಾ.

"ಹತ್ತೊಂಬತ್ತು ವರ್ಷದ ಹೆಸರು ಮನಾಂಗ್."

"ಆ ಹೆಸರು ನಂಬಿನೇ ಅವಳು ಟ್ರಿಗರ್ ಎಳೆದಿದ್ದು. ಮೂರು ತಿಂಗಳು ನಿಮ್ಮೆಲ್ಲರ ಬೆನ್ನಿಗೆ ಒಬ್ಬ ಕುರುಡಿ ಓಡಿದಾಳೆ ಚೀಫ್. ನಿಮ್ಮ ಬಂದೂಕೂ ನಾನು ನೋಡಿಲ್ಲ, ಏಪ್ರಿಲ್‌ನಲ್ಲೂ ಇಲ್ಲ, ಮೇನಲ್ಲೂ ಇಲ್ಲ."

ಚೀಫ್ ಅರಿವಿಲ್ಲದೆ ತನ್ನ ಸೊಂಟದ ಒರೆಯನ್ನು ಮುಟ್ಟಿ ನೋಡಿಕೊಂಡ.

ಅವಳು ಎಲ್ಲರನ್ನೂ ಕರೆದು ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು, ತರಗತಿಯಲ್ಲಿ ಲೆಕ್ಕ ಬಿಡಿಸಿದಷ್ಟೇ ನೇರವಾಗಿ. ಪರ್ಲಿತಾ ಹೊರಗೇ, ನಿಯಮ ನಿಯಮವೇ. ಆದರೆ ಅವಳ ಕಣ್ಣು ಸರಿಯಾಗಿತ್ತು, ತಪ್ಪಿದ್ದು ನನ್ನದು, ಎಂದಳು. ಟೈಮರನ್ನು ಅವಳು ಎಲ್ಮರನ ಕೈಗಿಟ್ಟಳು. ಅವನು ಅಂಕದ ಹಾಳೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅದನ್ನು ಎರಡೂ ಕೈಯಲ್ಲಿ ಹಿಡಿದ.

"ಮನಾಂಗ್, ನಾನು ಹಿಂಗೆ ತಗೋಬೇಕು ಅಂತ ಅಂದ್ಕೊಂಡಿರ್ಲಿಲ್ಲ," ಎಂದ.

"ಹೆಂಗಾದ್ರೂ ತಗೋಬೇಕು ಅಂತ ಅಂದ್ಕೊಂಡಿದ್ಯಲ್ಲ, ತಗೋ. ಒಳಗೆ ಕಾಣೋವರೆಗೂ ತಲೆ ಆಡಿಸ್ಬೇಡ. ಹಿಂದಿನಿಂದ ಎಷ್ಟು ಜನ ಕಿರುಚಿದ್ರೂ ಸರಿ."

ಷೆಡ್ಡಿನಲ್ಲಿ ಏಪ್ರನ್ ಒಂದೇ ಇತ್ತು. ದೆಲ್ಫಿನಾ ಅಕ್ಕಿಯ ಖಾಲಿ ಚೀಲವನ್ನು ಸೊಂಟಕ್ಕೆ ಸುತ್ತಿ ಹಗ್ಗ ಬಿಗಿದಳು. ತೊತೊಂಗ್ ಫೋನ್ ಹಿಡಿದು ಬಾಗಿಲಲ್ಲಿ ನಿಂತು, ತೆಗೆಯಲೋ ಬೇಡವೋ ಎಂದು ಒದ್ದಾಡುತ್ತಿದ್ದ.

"ತೆಗಿಯೋ," ಎಂದಳು ಅವಳು. "ಚೀಫ್‌ಗಿಂತ ನಾನು ಚೆನ್ನಾಗೇ ಕಾಣ್ತೀನಿ." ಅವನು ತೆಗೆದ. ನಲವತ್ತೈದನೆಯದು.

ಇಬ್ಬರೂ ಅಕ್ಕಪಕ್ಕ ನಿಂತು ತಟ್ಟೆಗಳಿಗೆ ಅನ್ನ ಹಾಕತೊಡಗಿದರು. ಪರ್ಲಿತಾ ಎಲ್ಲವನ್ನೂ ಷೆಡ್ಡಿನೊಳಗಿಂದಲೇ ಕೇಳಿಸಿಕೊಂಡಿದ್ದಳು. ಅನ್ನವನ್ನು ಅಗತ್ಯಕ್ಕಿಂತ ಹೆಚ್ಚು ಒತ್ತಿ ಒತ್ತಿ ಹಾಕುತ್ತಿದ್ದಳು.

ಗೋಡೆಯಾಚೆ ಐದನೆಯ ಹಂತ ಶುರುವಾಯಿತು. ಟೈಮರ್ ಕೂಗಿತು. ದೆಲ್ಫಿನಾ ಎಣಿಸಬಾರದೆಂದುಕೊಂಡೂ ಎಣಿಸಿದಳು. ಹನ್ನೊಂದು, ಹನ್ನೆರಡು, ಹದಿಮೂರು. ಸರ್. ಕಟಕ್. ಟಿಂಗ್. ಕ್ರಮ ಸರಿಯಾಗಿತ್ತು. ಎಲ್ಮರನ ದನಿ ಬರಲಿಲ್ಲ. ಅವಳ ಸೌಟು ಗಾಳಿಯಲ್ಲೇ ನಿಂತಿತು. ಪಕ್ಕದ ಸೌಟೂ ನಿಂತಿತ್ತು.

"ಏನೋ ಎಲ್ಮರ್, ಒಳಗೆ ಸಂಸಾರ ಹೂಡಿದ್ಯಾ?" ಎಂದು ತೊತೊಂಗ್ ಕೂಗಿದ್ದು ಕೇಳಿಸಿತು. ಇನ್ನಷ್ಟು ಹೊತ್ತು ಹೋಯಿತು.

"ಖಾಲಿ ಇದ್ರೆ ಟ್ರಿಗರ್ ಎಳೆದು, ಒರೆಗೆ ಹಾಕಿ."

ಟಕ್ ಎಂದಿತು. ಬರೀ ಟಕ್.

ದೆಲ್ಫಿನಾ ಉಸಿರು ಬಿಟ್ಟು ಸಾರಿನ ಪಾತ್ರೆಗೆ ಸೌಟು ಇಳಿಸಿದಳು, ಮೊದಲ ತಟ್ಟೆಗೆ ಸುರಿಯಲು ಎತ್ತಿದಳು.

"ತಡೀರಿ ಮನಾಂಗ್," ಎಂದಳು ಪರ್ಲಿತಾ. "ಅದರಲ್ಲಿ ನೊಣ ಬಿದ್ದಿದೆ."

ದೆಲ್ಫಿನಾ ಸೌಟನ್ನು ಮುಖದ ಹತ್ತಿರ ಹಿಡಿದು ಬಗ್ಗಿ ನೋಡಿದಳು. "ತೊಗರಿಕಾಳು ಕಣೆ."

ಪರ್ಲಿತಾ ಅವಳ ಮುಖ ನೋಡಿದಳು, ಸೌಟು ನೋಡಿದಳು. ಒಂದು ಗಳಿಗೆ ತಡೆದಳು.

"ಕಾಳಿಗೆ ರೆಕ್ಕೆ ಇರಲ್ಲ ಮನಾಂಗ್. ನೊಣನೇ."

"ಖಂಡಿತಾನಾ?"

"ಖಂಡಿತ. ನನಗೆ ಕಾಣ್ತಿದೆ."

ದೆಲ್ಫಿನಾ ಸೌಟಿನಲ್ಲಿದ್ದುದನ್ನು ಬಾಗಿಲಾಚೆ ಚೆಲ್ಲಿ, ಸೌಟನ್ನು ಅವಳ ಕೈಗೆ ಕೊಟ್ಟಳು.